ಮಾವನ ಏಳು ಪದ್ಯ, ನನ್ನ ಇಟಾಲಿಯನ್

ಸಂಗೀತದಲ್ಲಿ ನನ್ನ ಯೋಗ್ಯತೆ ಎಷ್ಟು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮದುವೆಯಾದ ಹೊಸತರಲ್ಲಿ ಮಾವನ ಮನೆಯ ದೇವರ ಮುಂದೆ ಎಲ್ಲರೂ ಆರತಿ ಹಾಡುವಾಗ ನಾನೂ ಉತ್ಸಾಹದಿಂದ ದನಿಗೂಡಿಸಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಹೆಂಡತಿ ನನ್ನ ಕೈಗೆ ಗಂಟೆ ಕೊಟ್ಟಳು. ಅಂದಿನಿಂದ ಇಪ್ಪತ್ತಾರು ವರ್ಷ ಆ ಮನೆಯಲ್ಲಿ ನನ್ನದು ಗಂಟೆ ಬಾರಿಸುವ ಕೆಲಸ. ಅದನ್ನಾದರೂ ಸರಿಯಾಗಿ ಬಾರಿಸುತ್ತೇನೆಂದು ಈವರೆಗೆ ಯಾರೂ ಹೇಳಿದ್ದಿಲ್ಲ.

ಇಂಥವನಿಗೆ ಸಿಕ್ಕ ಮಾವ ಭಾಗವತರು. ಹೊನ್ನಾವರದ ಹತ್ತಿರ ಕರ್ಕಿಯಲ್ಲಿ ಅವರ ಮನೆ. ನಲವತ್ತು ವರ್ಷ ಯಕ್ಷಗಾನಕ್ಕೂ ತಾಳಮದ್ದಳೆಗೂ ಪದ್ಯ ಹೇಳಿದವರು. ತಾಳಮದ್ದಳೆ ಎಂದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಎದುರು ಕೂತ ಅರ್ಥಧಾರಿ ಅದನ್ನು ಮಾತಿನಲ್ಲಿ ಬೆಳೆಸುತ್ತಾನೆ. ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಅವನ ಲಗಾಮು ಭಾಗವತರ ಕೈಯಲ್ಲಿ. ಮಾತು ಉದ್ದವಾಯಿತು ಎನ್ನಿಸಿದರೆ ಭಾಗವತರು ಕೈಯಲ್ಲಿರುವ ತಾಳವನ್ನು ಒಮ್ಮೆ ಠಣ್ ಎನ್ನಿಸಿ ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ; ಮಾತಾಡುವವನು ಬಾಯಿ ಮುಚ್ಚಲೇಬೇಕು. ನಮ್ಮ ಮಾವನಂತೂ ಈ ವಿಷಯದಲ್ಲಿ ಯಾರ ಮುಲಾಜೂ ನೋಡಿದವರಲ್ಲ. ಹೆಸರಾಂತ ಅರ್ಥಧಾರಿಯೊಬ್ಬರನ್ನು ಅವರು ವಾಕ್ಯದ ನಡುವೆಯೇ ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ಆ ಮನುಷ್ಯ ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡರು.

ನಾನಿರುವುದು ಕುಮಟಾದಲ್ಲಿ. ಕಲಿಸುವುದು ಭಟ್ಕಳದ ಒಂದು ಕಾಲೇಜಿನಲ್ಲಿ, ವಿಷಯ ಇಂಗ್ಲಿಷ್. ಬೆಳಗಿನ ರೈಲು ಸಿಕ್ಕರೆ ರೈಲು, ತಪ್ಪಿದರೆ ಬಸ್ಸು. ಮಾತಾಡುವುದೇ ನನ್ನ ಹೊಟ್ಟೆಪಾಡು. ಒಂದು ತಾಸಿನ ಪಾಠಕ್ಕೆ ಒಂದು ತಾಸು ಮಾತಾಡಿ ಮಾತಾಡಿ, ಈಗ ಯಾರಾದರೂ ಎಷ್ಟು ಗಂಟೆಯಾಯಿತು ಎಂದು ಕೇಳಿದರೂ ನಾನು ಗಡಿಯಾರದ ಇತಿಹಾಸದಿಂದ ಶುರುಮಾಡುತ್ತೇನೆ. ಇದು ನನ್ನ ಹೆಂಡತಿಯ ಮಾತು. ಅವಳು ಉತ್ಪ್ರೇಕ್ಷೆ ಮಾಡುವವಳಲ್ಲ.

ಮೂರು ವರ್ಷದ ಹಿಂದೆ ಒಂದು ದಿನ ತರಗತಿಯಲ್ಲಿ ನಾಟಕವೊಂದರ ಪಾಠ ಮಾಡುತ್ತ, ಇಲ್ಲಿ ಜಗಳ ಕ್ರೆಶೆಂಡೋ ತಲುಪುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ವಾಕ್ಯ ಅದು. ಹೇಳುವಾಗ ಕೈಯನ್ನು ಮೇಲೆತ್ತಿ ತುದಿಯಲ್ಲಿ ನಿಲ್ಲಿಸುವುದೂ ರೂಢಿ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮನೆಯಲ್ಲಿ ಭಟ್ಕಳದ ನವಾಯತಿ ಭಾಷೆ ಆಡುವವಳು, ತಂದೆಯ ಕೆಲಸದ ಕಾರಣ ಏಳನೇ ಇಯತ್ತೆಯವರೆಗೆ ದುಬೈಯಲ್ಲಿ ಓದಿದವಳು. ಅಲ್ಲಿಯ ಶಾಲೆಯಲ್ಲಿ ಸಂಗೀತವೂ ಒಂದು ವಿಷಯವಾಗಿತ್ತಂತೆ.

“ಸರ್, ಕ್ರೆಶೆಂಡೋ ಅಂದ್ರೆ ತುದಿ ಅಲ್ಲ ಸರ್. ತುದಿಗೆ ಹೋಗೋದು. ಸಣ್ಣ ಸದ್ದು ನಿಧಾನಕ್ಕೆ ದೊಡ್ಡದಾಗ್ತಾ ಹೋಗೋದಕ್ಕೆ ಹಾಗೆ ಹೇಳೋದು. ದಾರಿಯನ್ನೇ ತಲುಪೋದು ಹೇಗೆ ಸರ್?”

ಬಹಳ ವಿನಯದಿಂದಲೇ ಕೇಳಿದಳು. ನಾನು, “ಒಳ್ಳೆಯ ಪ್ರಶ್ನೆ, ನೀವೆಲ್ಲ ಎಚ್ಚರವಾಗಿದ್ದೀರಾ ಅಂತ ನೋಡಿದೆ” ಎಂದೆ. ಮೂವತ್ತೆಂಟು ವಿದ್ಯಾರ್ಥಿಗಳಲ್ಲಿ ಒಬ್ಬರೂ ಅದನ್ನು ನಂಬಲಿಲ್ಲ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ನನಗೂ ತಿಳಿಯದೆ ಫ್ಯಾನಿನ ಸ್ವಿಚ್ಚು ಒತ್ತಿದೆ.

ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದ. ನಾನು ಆ ಮಧ್ಯಾಹ್ನ ರೈಲಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಲು ಶುರುಮಾಡಿದೆ. ಮಂಕಿ ಸ್ಟೇಷನ್ ದಾಟುವಷ್ಟರಲ್ಲಿ ಒಂದು ವಿಷಯ ಗೊತ್ತಾಯಿತು. ಇಂಗ್ಲಿಷಿನವರು ದಿನಾ ಬಳಸುವ ಎಷ್ಟೋ ಮಾತುಗಳು ಇಟಲಿಯ ಸಂಗೀತಗಾರರಿಂದ ಬಂದವು. ಬಂದ ಮೇಲೆ ಹಲವು ತಮ್ಮ ಮೂಲ ಅರ್ಥ ಬಿಟ್ಟು ಬೇರೆಯೇ ದಾರಿ ಹಿಡಿದಿವೆ. ಸೋಲೋ ಎಂದರೆ ಒಬ್ಬನೇ. ಫಿನಾಲೆ ಎಂದರೆ ಕೊನೆ. ಕೋಡಾ ಎಂದರೆ ಬಾಲ. ರಚನೆ ಮುಗಿದ ಮೇಲೂ ಸ್ವಲ್ಪ ಉಳಿದಿರುವ ತುಂಡು. ಪಿಯಾನೋ ಎಂದರೆ ಮೆಲ್ಲಗೆ. ಆ ವಾದ್ಯದ ಹೆಸರು ಮೊದಲು ಮೆಲ್ಲಗೆ-ಜೋರಾಗಿ ಎಂದಿತ್ತಂತೆ, ಅಷ್ಟುದ್ದ ಕರೆಯಲು ಬೇಸರವಾಗಿ ಜನ ಜೋರನ್ನು ಬಿಟ್ಟರು. ಫಿಯಾಸ್ಕೋ ಎಂದರೆ ಸೀಸೆ. ರಂಗದ ಮೇಲೆ ನಾಟಕ ತೋಪಾದರೆ ಇಟಲಿಯವರು ಸೀಸೆ ಮಾಡಿದ ಎನ್ನುತ್ತಿದ್ದರು. ಯಾಕೆ ಹಾಗೆನ್ನುತ್ತಿದ್ದರು ಎಂಬುದು ಯಾರಿಗೂ ಖಚಿತವಿಲ್ಲ. ಆ ಸೀಸೆಯ ವಿಷಯ ಓದಿದ ದಿನ ನಾನು ಕುಮಟಾದಲ್ಲಿ ಇಳಿಯುವುದನ್ನೇ ಮರೆತು ಮುಂದಿನ ಸ್ಟೇಷನ್ನಿನಿಂದ ರಿಕ್ಷಾ ಮಾಡಿಕೊಂಡು ಬಂದೆ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಕೊಡೆ ಹಗಲಿಡೀ ಬಿಚ್ಚಿಯೇ ಇತ್ತು. ಓಣಿಯಲ್ಲಿ ಮೀನು ಮಾರಲು ಬರುವವಳು ಕೂಗಿದರೆ, “ಅದು ಕ್ರೆಶೆಂಡೋ ನೋಡು, ದೂರದಿಂದ ಹತ್ತಿರ ಬರುವಾಗ ಹೇಗೆ ಏರ್ತು” ಎನ್ನುವುದು. ಕುಕ್ಕರಿನ ಸೀಟಿ ಬಿಟ್ಟುಬಿಟ್ಟು ಕೂಗಿದರೆ ಅದು ಸ್ಟಕಾಟೋ. ಪಕ್ಕದ ಮನೆಯವರು ನನ್ನನ್ನು ಕಂಡರೆ ಚಪ್ಪಲಿ ಹಾಕಿಕೊಂಡು ಪೇಟೆಗೆ ಹೊರಟಂತೆ ಮಾಡತೊಡಗಿದರು. ಒಂದು ದಿನ ಹೆಂಡತಿಗೆ ಪ್ರಿಮಾ ಡೊನ್ನಾ ಎಂಬುದನ್ನು ವಿವರಿಸುತ್ತಿದ್ದೆ. ಶಬ್ದಶಃ ನೋಡಿದರೆ ಮೊದಲ ಮಹಿಳೆ, ಸಂಗೀತ ನಾಟಕದ ಮುಖ್ಯ ಗಾಯಕಿ. ಇಂಗ್ಲಿಷಿನಲ್ಲಿ ಈಗ ಅದಕ್ಕೆ ಲೋಕವೆಲ್ಲ ತನ್ನ ಸುತ್ತಲೇ ತಿರುಗುತ್ತಿದೆ ಎಂದುಕೊಂಡವರು ಎಂಬ ಅರ್ಥ. ಅವಳು ಈರುಳ್ಳಿ ಹೆಚ್ಚುತ್ತ ಕೇಳಿದಳು.

“ಅದನ್ನ ಗಂಡಸ್ರಿಗೂ ಹೇಳಲಾಗ್ತಾ?”

“ಹೇಳಬಹುದು. ಯಾಕೆ?”

“ಸುಮ್ಮನೆ ಕೇಳಿದೆ.”

ನನ್ನ ಮಾತನ್ನು ನಿಜವಾಗಿ ಕೇಳಿದವರು ಒಬ್ಬರೇ, ಮಾವ. ಭಾನುವಾರ ನಾವು ಕರ್ಕಿಗೆ ಹೋದರೆ ಜಗಲಿಯಲ್ಲಿ ಕೈಯಿರುವ ಕುರ್ಚಿ ನನಗೆ, ಬೆಂಚು ಅವರಿಗೆ. ನಮ್ಮ ಕಡೆ ಅಳಿಯನಿಗೆ ಸಲ್ಲುವ ಮರ್ಯಾದೆ ನಿಮಗೆ ಗೊತ್ತಿರಬಹುದು. ಕಾವಲಿಯಿಂದ ಎದ್ದ ಮೊದಲ ದೋಸೆ ಅಳಿಯನಿಗೆ. ಅಳಿಯ ಎದುರು ಕೂತಿದ್ದರೆ ಮಾವ ಕಾಲು ಚಾಚುವುದಿಲ್ಲ. ಅಳಿಯ ಮಾತಾಡುತ್ತಿದ್ದರೆ ನಡುವೆ ಬಾಯಿ ಹಾಕುವುದಿಲ್ಲ. ಮಗಳನ್ನು ಕೊಟ್ಟ ಮನೆಯವರ ಹತ್ತಿರ ಮಾತು ಬಹುವಚನದಲ್ಲೇ ಶುರುವಾಗಿ ಬಹುವಚನದಲ್ಲೇ ಮುಗಿಯಬೇಕು. ನಮ್ಮ ಮಾವ ಇದನ್ನು ಇಪ್ಪತ್ತಾರು ವರ್ಷ ಒಂದು ಕೂದಲೆಳೆಯಷ್ಟೂ ತಪ್ಪಿಸಲಿಲ್ಲ. ನಾನು ಮದುವೆಯ ಮರುವರ್ಷವೇ ಇದನ್ನೆಲ್ಲ ನನ್ನ ಸ್ವಂತ ಯೋಗ್ಯತೆಗೆ ಸಲ್ಲುತ್ತಿರುವ ಗೌರವ ಎಂದು ತಿಳಿದುಕೊಂಡಿದ್ದೆ.

ಅವರಿಗೆ ಆ ಶಬ್ದಗಳಲ್ಲಿ ಆಸಕ್ತಿಯೂ ಇತ್ತು. ಟೆಂಪೋ ಎಂದರೆ ಇಟಲಿಯಲ್ಲಿ ಕಾಲ ಎಂದರ್ಥ, ಸಂಗೀತದಲ್ಲಿ ಲಯದ ವೇಗ ಎಂದಾಗ ಬಾಯಿತುಂಬ ನಕ್ಕರು.

“ಟೆಂಪೋ ಹೇಳಿರೆ ಕಾಲ? ನಮ್ಮೂರ ಟೆಂಪೋ ಒಂದಿನಾನೂ ಕಾಲಕ್ಕೆ ಸರಿಯಾಗಿ ಬಂದದ್ದಿಲ್ಲೆ.”

ಇನ್ನೊಮ್ಮೆ ಸೊಟ್ಟೋ ವೋಚೆ ಎಂಬ ಮಾತು ಹೇಳಿದೆ. ದನಿಯ ಅಡಿಯಲ್ಲಿ, ಅಂದರೆ ಪಕ್ಕದವರಿಗೂ ಕೇಳಿಸದಷ್ಟು ಸಣ್ಣಗೆ ಹೇಳುವುದು. ಮಾವ, “ಇದು ರಾಶಿ ಚಲೋ ಇದ್ದು. ಸಣ್ಣಗೆ ಹಾಡೂದೇ ಕಷ್ಟ. ದೊಡ್ಡಕ್ಕೆ ಯಾರು ಬೇಕಾದ್ರೂ ಹಾಡ್ತ” ಎಂದರು. ನಂತರ ತಾವೇ ಒಂದು ಸಾಲನ್ನು ಹಾಗೆ ಹಾಡಿ ತೋರಿಸಿದರು. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ನನ್ನ ಹೆಂಡತಿ ಕೈಯಲ್ಲಿ ಸೀರೆ ಹಿಡಿದು ಹಾಗೇ ನಿಂತುಬಿಟ್ಟಳು. ನಾನೂ ಕೇಳಿದೆ. ಚಂದವಿತ್ತು. ಆದರೆ ಮುಗಿಯುವುದನ್ನೇ ಕಾಯುತ್ತಿದ್ದೆ, ಮುಂದಿನ ಶಬ್ದ ಹೇಳಬೇಕಿತ್ತು.

ಕಳೆದ ಮಳೆಗಾಲದ ಕೊನೆಯಲ್ಲಿ ಅವರ ದನಿ ಕೆಡತೊಡಗಿತು. ಮೊದಲು ನೆಗಡಿ ಎಂದರು, ಆಮೇಲೆ ವಯಸ್ಸು ಎಂದರು. ದೂರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗಂಟಲಲ್ಲಿ ಗಂಟು ಬೆಳೆದಿದೆ, ತೆಗೆಯಲೇಬೇಕು ಎಂದರು. ವೈದ್ಯರು ಸಣ್ಣ ವಯಸ್ಸಿನವರು, ನೇರವಾಗಿ ಹೇಳಿದರು. ತೆಗೆದ ಮೇಲೆ ಮಾತಾಡಲು ಅಡ್ಡಿಯಿಲ್ಲ, ಸ್ವಲ್ಪ ಒಡಕಾಗಿ ಬರುತ್ತದೆ ಅಷ್ಟೆ. ಹಾಡಿನ ಆಸೆ ಮಾತ್ರ ಇಟ್ಟುಕೊಳ್ಳಬೇಡಿ.

ಮಾವ ತಲೆಯಾಡಿಸಿದರು. ಆಪರೇಷನ್ನಿಗೆ ಮೂರು ವಾರವಿತ್ತು. ಕಾರಿನಲ್ಲಿ ಹಿಂತಿರುಗುವಾಗ ಶರಾವತಿ ಸೇತುವೆಯ ಮೇಲೆ ಬಂದಾಗ ಮೊದಲ ಬಾರಿ ಬಾಯಿ ಬಿಟ್ಟರು.

“ಒಂದು ತಾಳಮದ್ದಳೆ ಇಟ್ಕಂಬ. ಆನು ಏಳು ಪದ್ಯ ಹಾಡ್ತಿ. ಸಾಕು.”

ಯಾವ ಪ್ರಸಂಗ, ಯಾವ ಏಳು ಪದ್ಯ ಎಂಬುದನ್ನು ಅವರು ಆಗಲೇ ಯೋಚಿಸಿಟ್ಟಿದ್ದರು. ಮೂರನೆಯದು ತಾಯಿಯೊಬ್ಬಳು ಮಗನನ್ನು ಯುದ್ಧಕ್ಕೆ ಕಳುಹಿಸಿಕೊಡುವ ಪದ್ಯ. ಅದನ್ನು ಅವರ ಬಾಯಲ್ಲಿ ಕೇಳಲೆಂದೇ ಜನ ಕಾಗಾಲದಿಂದ, ಕತಗಾಲದಿಂದ ಬಂದು ಕೂರುತ್ತಿದ್ದ ಕಾಲವಿತ್ತು. ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಊರಿನ ಶಾಲೆಯ ಹಾಲ್ ಗೊತ್ತಾಯಿತು. ಸಂಜೆ ನಾಲ್ಕಕ್ಕೇ ಇಡಲು ಕಾರಣವಿತ್ತು. ಆಗ ಅವರ ದನಿ ದಿನದಲ್ಲಿ ಒಂದೇ ಸಲ ತೆರೆದುಕೊಳ್ಳುತ್ತಿತ್ತು, ನಾಲ್ಕು ಗಂಟೆಗೆ ಬಿಸಿ ಕಷಾಯ ಕುಡಿದ ಮೇಲೆ. ತೆರೆದದ್ದು ಸುಮಾರು ಒಂದು ತಾಸು ಇರುತ್ತಿತ್ತು. ಆಮೇಲೆ ಮುಚ್ಚಿದರೆ ಮರುದಿನವೇ.

ಅಲ್ಲಿಂದ ಹದಿನೈದು ದಿನ ಮಾವ ಮಾತೇ ಆಡಲಿಲ್ಲ. ಆ ಒಂದು ತಾಸಿಗಾಗಿ ದನಿಯನ್ನು ಕೂಡಿಡುತ್ತಿದ್ದರು. ಚಹಾ ಬೇಕೆಂದರೆ ಕೈಸನ್ನೆ, ಬೇಡವೆಂದರೆ ಕೈಸನ್ನೆ. ಬೆಂಚಿನ ಮೇಲೆ ಪ್ರಸಂಗದ ಪುಸ್ತಕ ಬಿಡಿಸಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತ ಬರೀ ತುಟಿ ಅಲ್ಲಾಡಿಸುತ್ತ ಅಭ್ಯಾಸ ಮಾಡುವುದನ್ನು ನಾನೇ ನೋಡಿದ್ದೇನೆ. ಮನುಷ್ಯ ಇಷ್ಟು ಆಸೆಪಟ್ಟು ಒಂದು ಕೆಲಸಕ್ಕೆ ತಯಾರಾಗುವುದನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ.

ಕಾರ್ಯಕ್ರಮವೆಂದ ಮೇಲೆ ಪ್ರಾಸ್ತಾವಿಕ ಬೇಕಲ್ಲ. ನಮ್ಮ ಜಿಲ್ಲೆಯಲ್ಲಿ ಬಾವಿಗೆ ಪಂಪ್ ಹಾಕಿಸಿದರೂ ಒಬ್ಬರು ಪ್ರಾಸ್ತಾವಿಕ ಮಾತಾಡುತ್ತಾರೆ. ಮನೆಯ ಅಳಿಯ, ಮೇಲಾಗಿ ಕಾಲೇಜು ಮಾಸ್ತರ, ಇನ್ಯಾರು ಮಾತಾಡಬೇಕು? ಊರವರು ಕೇಳಿದರು, ನಾನು ಒಲ್ಲೆ ಎನ್ನುವ ಮೊದಲೇ ಒಪ್ಪಿಕೊಂಡೆ. ಹೆಂಡತಿ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ನಿಂಗ ಐದು ನಿಮಿಷ ಮಾತಾಡಿ, ಸಾಕು. ಅಪ್ಪಯ್ಯಂಗೆ ಒಂದೇ ತಾಸು ಸ್ವರ ಇದ್ದು. ನೆನಪಿರ್ಲಿ.”

“ನನಗೆ ಅಷ್ಟೂ ಗೊತ್ತಿಲ್ಲವಾ?” ಎಂದು ರೇಗಿದೆ.

ಗೊತ್ತಿತ್ತು. ಐದು ನಿಮಿಷ ಎಂದು ಹಾಳೆಯ ತಲೆಯಲ್ಲಿ ಬರೆದುಕೊಂಡೂ ಇದ್ದೆ. ಅದರ ಕೆಳಗೆ ನಾಲ್ಕು ಹಾಳೆ ತುಂಬಿತು, ಎರಡೂ ಬದಿ. ಮಾವನ ಭಾಗವತಿಕೆಯನ್ನು ಇಟಲಿಯ ಶಬ್ದಗಳಲ್ಲಿ ವಿವರಿಸಬೇಕು, ಜಗತ್ತಿನ ಯಾವ ದೊಡ್ಡ ಗಾಯಕನಿಗೂ ಇವರು ಕಮ್ಮಿಯಿಲ್ಲವೆಂದು ಕರ್ಕಿಯ ಜನರಿಗೆ ತಿಳಿಸಬೇಕು ಎಂಬುದು ನನ್ನ ಯೋಚನೆ. ಪ್ರೀತಿಯಿಂದಲೇ ಬರೆದೆ, ಸುಳ್ಳಲ್ಲ. ಆದರೆ ಬರೆಯುವಾಗ ನನ್ನ ಕಣ್ಣಮುಂದೆ ಇದ್ದದ್ದು ಮಾವ ಹಾಡುವುದಲ್ಲ, ನನ್ನ ಮಾತು ಕೇಳಿ ಜನ ಬೆರಗಾಗುವುದು. ಕರ್ಕಿಯ ಜನರಿಗೆ ನಲವತ್ತು ವರ್ಷದಿಂದ ಅವರು ಏನೆಂದು ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ ಇರಬೇಕು.

ಆ ಭಾನುವಾರ ಹಾಲ್ ತುಂಬಿತ್ತು. ಮಾವ ಬಿಳಿ ಪಂಚೆಯುಟ್ಟು, ಶಾಲು ಹೊದ್ದು, ಪುಸ್ತಕ ಮುಂದಿಟ್ಟುಕೊಂಡು ಭಾಗವತರ ಜಾಗದಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ಮೂವತ್ತು ವರ್ಷದ ಜೊತೆಗಾರ ಮದ್ದಳೆಯವರು. ನಾಲ್ಕಕ್ಕೆ ಸರಿಯಾಗಿ ಹೆಂಡತಿ ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಕೊಟ್ಟಳು. ಮಾವ ಕುಡಿದು, ಒಮ್ಮೆ ಗಂಟಲು ಸರಿಮಾಡಿಕೊಂಡು, ತಾಳವನ್ನು ಕೈಗೆ ತೆಗೆದುಕೊಂಡರು. ನಾಲ್ಕೂ ಹತ್ತಕ್ಕೆ ಮೈಕ್ ನನ್ನ ಕೈಗೆ ಬಂತು.

ಮೊದಲ ಐದು ನಿಮಿಷ ನನ್ನ ಹುಟ್ಟೂರು ಮತ್ತು ಸಂಗೀತದ ಬಗ್ಗೆ ನನ್ನ ಅಜ್ಞಾನಕ್ಕೆ ಹೋಯಿತು. ಅಜ್ಞಾನದ ಬಗ್ಗೆ ಮಾತಾಡಲು ನನ್ನಲ್ಲಿ ಸಾಕಷ್ಟು ಸರಕಿದೆ. ಆಮೇಲೆ ಒಪೆರಾ ಎಂದರೆ ಏನು. ಅದರ ಅರ್ಥ ಬರೀ ಕೆಲಸ ಎಂಬುದು. ಲಿಬ್ರೆಟ್ಟೋ ಎಂದರೆ ಸಣ್ಣ ಪುಸ್ತಕ, ಅಂದರೆ ನಮ್ಮ ಪ್ರಸಂಗದ ಪುಸ್ತಕವಿದ್ದಂತೆ. ಆಗ ಮದ್ದಳೆಯವರು ಮದ್ದಳೆಯನ್ನು ಶ್ರುತಿ ಮಾಡಿದರು. ನಾನು ಅವರತ್ತ ಕೈ ತೋರಿಸಿ, ಇಟಲಿಯಲ್ಲಿ ವಾದ್ಯವಿಲ್ಲದೆ ಬರೀ ಕೊರಳಿನಲ್ಲಿ ಹಾಡುವುದಕ್ಕೆ ಆ ಕಪೆಲ್ಲಾ ಎನ್ನುತ್ತಾರೆ, ಚರ್ಚಿನ ರೀತಿಯಲ್ಲಿ ಎಂದು ಅದರ ಅರ್ಥ ಎಂದೆ. ಅವರು ಎರಡನೇ ಸಲ ಶ್ರುತಿ ಮಾಡಿದರು. ಮೂರನೇ ಸಲ ಮಾಡುವಾಗ ಸ್ವಲ್ಪ ಜೋರಾಗಿಯೇ ಬಡಿದರು.

ಹೆಂಡತಿ ಮೊದಲ ಸಾಲಿನಲ್ಲಿ ಕೂತು ಮಣಿಕಟ್ಟನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದಳು. ಬಳೆ ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಿತ್ತು. ಅರ್ಧ ತಾಸಾದಾಗ ಹಿಂದಿನ ಸಾಲಿನಲ್ಲಿ ಚಪ್ಪಾಳೆ ಶುರುವಾಯಿತು. ನಮ್ಮ ಕಡೆ ಭಾಷಣಕಾರನ ಮಾತಿನ ನಡುವೆ ಚಪ್ಪಾಳೆ ಬಿದ್ದರೆ ಅದಕ್ಕೆ ಒಂದೇ ಅರ್ಥ, ಮಾರಾಯ ಇಳಿ ಎಂದು. ಎಷ್ಟೋ ಸಭೆಗಳಲ್ಲಿ ನಾನೂ ಹಾಗೆ ತಟ್ಟಿ ಬೇರೆಯವರನ್ನು ಇಳಿಸಿದ್ದೇನೆ. ಆದರೆ ತನ್ನ ಭಾಷಣಕ್ಕೆ ಬಿದ್ದ ಚಪ್ಪಾಳೆಯನ್ನು ಯಾವನೂ ಹಾಗೆ ತಿಳಿಯುವುದಿಲ್ಲ. ನಾನು ಕೈಮುಗಿದು, “ಇದಕ್ಕೇ ಇಟಲಿಯಲ್ಲಿ ಬ್ರಾವೋ ಅನ್ನುತ್ತಾರೆ” ಎಂದು ಇನ್ನೊಂದು ಹಾಳೆ ತಿರುವಿದೆ. ಮುಗಿಸುತ್ತೇನೆ ಎಂದು ಮೂರು ಸಲ ಹೇಳಿದೆ. ಪ್ರತಿ ಸಲವೂ ಒಂದು ಬಾಲ ಬಂತು. ಕೋಡಾ ಎಂದರೆ ಬಾಲ ಎಂಬುದನ್ನೂ ಹೇಳಿದೆ.

ಒಮ್ಮೆ ಮಾತ್ರ ಮಾವನ ಕಡೆ ತಿರುಗಿ ನೋಡಿದ್ದು ನೆನಪಿದೆ. ಅವರು ತಾಳವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಒಂದಕ್ಕೊಂದು ತಾಗದ ಹಾಗೆ. ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಸಲ ಠಣ್ ಎನ್ನಿಸಿದ್ದರೆ ಸಾಕಿತ್ತು. ಹೆಸರಾಂತ ಅರ್ಥಧಾರಿಯನ್ನು ನಿಲ್ಲಿಸಿದ ಕೈ ಅದು. ನಾನು ಅವರಿಗೆ ನನ್ನ ಮಾತು ಹಿಡಿಸಿದೆ ಎಂದುಕೊಂಡು ಇನ್ನಷ್ಟು ಹುರುಪಿನಿಂದ ಮುಂದುವರಿಸಿದೆ. ಮಗಳನ್ನು ಕೊಟ್ಟ ಅಳಿಯನ ಮಾತಿನ ನಡುವೆ ಅವರು ತಾಳ ಹಾಕಲಾರರು ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ನಾನು ಕೂತಾಗ ಐದು ಗಂಟೆಗೆ ಎರಡು ನಿಮಿಷ ಬಾಕಿ.

ಮೊದಲ ಪದ್ಯ ಚೆನ್ನಾಗಿ ಬಂತು. ಎರಡನೆಯದೂ ಬಂತು, ಕೊನೆಯ ಸಾಲಿನಲ್ಲಿ ಸ್ವಲ್ಪ ಒಡೆಯಿತು. ಮೂರನೆಯದನ್ನು ಎತ್ತಿಕೊಂಡರು. ತಾಯಿ ಮಗನ ಹಣೆಗೆ ತಿಲಕವಿಡುವ ಸಾಲಿಗೆ ಬಂದರು. ಅಲ್ಲಿ ಸ್ವರ ಮೇಲೇರಬೇಕು. ಏರಲಿಲ್ಲ. ಬಾಯಿ ತೆರೆದಿತ್ತು, ಗಾಳಿ ಬಂತು. ಇನ್ನೊಮ್ಮೆ ಎತ್ತಿದರು, ಮತ್ತೆ ಗಾಳಿ. ಹೆಂಡತಿ ಲೋಟದಲ್ಲಿ ಉಳಿದಿದ್ದ ಕಷಾಯ ಹಿಡಿದು ಓಡಿದಳು. ಅದು ಆರಿ ತಣ್ಣಗಾಗಿತ್ತು. ಮದ್ದಳೆಯವರು ಪದ್ಯವಿಲ್ಲದೆಯೇ ಸ್ವಲ್ಪ ಹೊತ್ತು ನುಡಿಸಿದರು, ಸ್ವರ ಮರಳೀತೆಂದು. ಮಾವ ಕೈ ಎತ್ತಿ ಅವರನ್ನು ನಿಲ್ಲಿಸಿದರು. ಪುಸ್ತಕ ಮುಚ್ಚಿ ಕಣ್ಣಿಗೆ ಒತ್ತಿಕೊಂಡು, ಸಭೆಗೆ ಕೈಮುಗಿದು ಎದ್ದರು. ಜನ ಎದ್ದು ನಿಂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೊರಗೆ ಬಂದಾಗ ಒಬ್ಬರು ನನ್ನ ಕೈ ಕುಲುಕಿ, “ಭಾಷಣ ಭಾರೀ ಮಾಹಿತಿಪೂರ್ಣ ಇತ್ತು” ಎಂದರು. ನನ್ನ ಹೆಂಡತಿ ಆ ಮನುಷ್ಯನನ್ನು ನೋಡಿದ ರೀತಿಗೆ ಅವರು ಬೈಕು ಎಲ್ಲಿಟ್ಟೆನೆಂದು ಹುಡುಕಲು ಹೋದರು.

ಕುಮಟಾಕ್ಕೆ ಬರುವ ದಾರಿಯಲ್ಲಿ ಅವಳು ಏನಾದರೂ ಅಂದಿದ್ದರೆ ಹಗುರವಾಗುತ್ತಿತ್ತು. ಮನೆಗೆ ಬಂದು ಅನ್ನ ಬಡಿಸಿದಳು, ಊಟದ ಕೊನೆಗೆ ಮಜ್ಜಿಗೆ ಹಾಕಿದಳು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಚಿಕ್ಕಂದಿನಲ್ಲಿ ನನಗೆ ಆಗಾಗ ಹೇಳುತ್ತಿದ್ದರು. ಆ ಗಾದೆಯನ್ನು ಬೇರೆಯವರಿಗೆ ಹೇಳುವುದಕ್ಕಷ್ಟೇ ಬಳಸುತ್ತ ಬಂದಿದ್ದೆ. ನಾಲ್ಕು ಹಾಳೆಗಳನ್ನು ಹರಿದು ಒಲೆಗೆ ಹಾಕೋಣವೆಂದರೆ ಮನೆಯಲ್ಲಿ ಗ್ಯಾಸು. ಕೊನೆಗೆ ಹಳೇ ಪೇಪರಿನ ಕಟ್ಟಿನೊಳಗೆ ತುರುಕಿದೆ.

ಆಪರೇಷನ್ ಆಯಿತು. ಗಂಟಿನ ವರದಿ ಚೆನ್ನಾಗಿ ಬಂತು, ಜೀವಕ್ಕೆ ಅಪಾಯವಿಲ್ಲ ಎಂದರು. ನಾಲ್ಕು ವಾರ ಮಾತಾಡಬಾರದು, ಪಿಸುಗುಟ್ಟಲೂಬಾರದು, ಗಂಟಲಿನಿಂದ ಯಾವ ಸದ್ದೂ ಹೊರಡಬಾರದು ಎಂದು ಕಟ್ಟಪ್ಪಣೆ. ಶಾಲೆ ಮಕ್ಕಳು ಬರೆಯುವ ಪಟ್ಟಿಯೊಂದನ್ನೂ ಪೆನ್ನನ್ನೂ ಅವರ ತಲೆದಿಂಬಿನ ಪಕ್ಕ ಇಟ್ಟೆವು. ಬೇಕಾದದ್ದನ್ನು ಅದರಲ್ಲಿ ಬರೆದು ತೋರಿಸುತ್ತಿದ್ದರು. ನೀರು. ಫ್ಯಾನು ಸಣ್ಣ ಮಾಡಿ. ಪೇಪರ್ ಬಂತಾ?

ಮುಂದಿನ ಭಾನುವಾರ ನಾನು ಕರ್ಕಿಗೆ ಹೋದೆ. ನನ್ನನ್ನು ಕಂಡದ್ದೇ ಜಗಲಿಯ ಬೆಂಚಿನ ಮೇಲೆ ಒರಗಿದ್ದ ಮಾವ ಚಾಚಿದ್ದ ಕಾಲನ್ನು ಮಡಿಸಿಕೊಂಡು ಎದ್ದು ಕೂತರು. ಪಟ್ಟಿಯಲ್ಲಿ ಬರೆದು ಮಗಳ ಕಡೆ ಹಿಡಿದರು: ಅಳಿಯಂದಿರಿಗೆ ದೋಸೆ. ನಾನು ಆ ದೋಸೆ ತಿಂದೆ. ಜೋನಿಬೆಲ್ಲ ಹಾಕಿದ್ದಳು.

ಹೆಂಡತಿ ಬಾವಿಕಟ್ಟೆಯ ಕಡೆ ಹೋದ ಮೇಲೆ ನಾನು ಅವರ ಹತ್ತಿರ ಕೂತು ತಪ್ಪಾಯಿತು ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ತಪ್ಪು ಯಾಕಾಯಿತು, ನನ್ನ ಉದ್ದೇಶ ಏನಿತ್ತು, ಹಾಳೆಗಳು ನಾಲ್ಕು ಹೇಗಾದವು, ಗಡಿಯಾರ ನನ್ನ ಹಿಂದಿನ ಗೋಡೆಯಲ್ಲಿದ್ದದ್ದು ಹೇಗೆ ಅನನುಕೂಲವಾಯಿತು ಎಂಬುದನ್ನೆಲ್ಲ ವಿವರಿಸತೊಡಗಿದೆ. ಕ್ಷಮೆ ಕೇಳುವುದಕ್ಕೂ ನನಗೆ ಪ್ರಾಸ್ತಾವಿಕ ಬೇಕಾಯಿತು. ನೀವು ಒಂದು ತಾಳ ಹಾಕಿದ್ದರೆ ನಾನು ನಿಲ್ಲುತ್ತಿದ್ದೆನಲ್ಲ ಮಾವ, ಯಾಕೆ ಹಾಕಲಿಲ್ಲ ಎಂದೂ ಕೇಳಿದೆ. ಅಂದರೆ ಕೊನೆಗೆ ತಪ್ಪಿನ ಒಂದು ಪಾಲನ್ನು ಅವರಿಗೂ ಬಡಿಸಿದೆ.

ಮಾವ ಪಟ್ಟಿಯನ್ನು ಎಳೆದುಕೊಂಡರು. ಹಳೇ ಕಾಲದ ದುಂಡು ಅಕ್ಷರ ಅವರದು, ಒಂದೊಂದನ್ನೂ ಬಿಡಿಸಿ ಬರೆಯುತ್ತಿದ್ದರು. ಪರವಾಗಿಲ್ಲ, ನಿಮ್ಮ ಮಾತು ಚಲೋ ಇತ್ತು ಎಂದು ಬರೆಯುತ್ತಿದ್ದಾರೆ ಎಂದೇ ನಾನು ಭಾವಿಸಿದ್ದೆ. ಇಪ್ಪತ್ತಾರು ವರ್ಷ ಅವರು ನನಗೆ ಹೇಳಿದ್ದೆಲ್ಲ ಅಂಥದ್ದೇ. ಅದಕ್ಕೆ ಏನು ಉತ್ತರ ಕೊಡಬೇಕೆಂಬುದನ್ನೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅವರು ಬರೆದು ಮುಗಿಸಿ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು.

‘ನೀನು ರಾಶಿ ಹೊತ್ತು ಮಾತಾಡಿದೆ. ನನಗೆ ಹಾಡಬೇಕಿತ್ತು.’

ಅದನ್ನು ಎರಡು ಸಲ ಓದಿದೆ. ಅವರು ನನ್ನನ್ನು ನೀನು ಎಂದದ್ದು ಅದೇ ಮೊದಲು. ತಲೆಯೆತ್ತಿ ನೋಡಿದಾಗ ಅವರು ಅಳುತ್ತಿದ್ದರು. ಶಾಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು, ಎದೆ ಏರಿಳಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಗಂಟಲಿನಿಂದ ಸದ್ದು ಬರಬಾರದು ಎಂದು ವೈದ್ಯರು ಹೇಳಿದ್ದರಲ್ಲ, ಅಳುವಾಗಲೂ ಅವರು ಅದನ್ನು ಪಾಲಿಸುತ್ತಿದ್ದರು.

“ಹೌದು ಮಾವ” ಎಂದೆ. ಬೆಂಚಿನ ಮೇಲೆ ಸರಿದು ಅವರ ಪಕ್ಕಕ್ಕೆ ಕೂತೆ.